ಹುಣಸೆಮರಕ್ಕೆ ಪಶ್ಚಿಮ

ಸರ್ವೆಯವನು ನಮ್ಮ ಹೊಲ ಅಳೆಯಲು ಬಂದ ದಿನ ಮೊದಲು ಮಜ್ಜಿಗೆ ಕುಡಿದದ್ದು ಅವರ ಮನೆಯಲ್ಲಿ. ಅರ್ಜಿ ಹಾಕಿದವಳು ನಾನು. ಹನೂರಿನ ತಾಲ್ಲೂಕು ಕಚೇರಿಗೆ ಚಪ್ಪಲಿ ಸವೆಯುವಷ್ಟು ಅಲೆದವಳು ನಾನು. ರಾಮಾಪುರದ ಬಸ್‌ಸ್ಟಾಪಿನಲ್ಲಿ ಬೆಳಿಗ್ಗೆಯಿಂದ ಅವನ ದಾರಿ ಕಾಯುತ್ತ ನಿಂತವಳೂ ನಾನೇ. ಆತ ಬೈಕಿನಲ್ಲಿ ಇನ್ನೊಂದು ದಾರಿ ಹಿಡಿದು ಬಂದು, ನೇರವಾಗಿ ಅವರ ಜಗುಲಿಯ ಮೇಲೆ ಕುಳಿತುಬಿಟ್ಟಿದ್ದ. ನಾನು ಏದುಸಿರು ಬಿಡುತ್ತ ಹೊಲ ತಲುಪಿದಾಗ ಅವನ ಮೀಸೆಯ ಮೇಲೆ ಮಜ್ಜಿಗೆಯ ಬಿಳಿ ಇನ್ನೂ ಆರಿರಲಿಲ್ಲ. ಅಲ್ಲಿಗೇ ನನಗೆ ಅರ್ಧ ಅರ್ಥವಾಯಿತು.

"ಬಿಸ್ಲು ಜಾಸ್ತಿ ಅಲ್ವಾ ಮೇಡಂ, ಅದ್ಕೇ ಕೊಟ್ರು" ಎಂದ.

ಬಿಸಿಲು ಅವರ ಕಡೆ ಮಾತ್ರ ಇತ್ತೇನೋ. ನಾನು ಕೈಚೀಲವನ್ನು ಎದೆಗೆ ಒತ್ತಿ ಹಿಡಿದುಕೊಂಡೆ. ಅದರಲ್ಲಿ ನಮ್ಮ ತಾತನ ಕಾಲದ ಕ್ರಯಪತ್ರವಿತ್ತು.

ಜಗಳ ಏನೆಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ರಾಮಾಪುರದಿಂದ ಮಾರ್ಟಳ್ಳಿಗೆ ಹೋಗುವ ರಸ್ತೆಯಿಂದ ಒಳಗೆ, ಕಾಡಿನ ಅಂಚಿಗೆ, ಒಂದೇ ಸರ್ವೆ ನಂಬರಿನ ಒಂದು ಹೊಲವಿದೆ. ನಡುವೆ ಹಳೆಯ ಹುಣಸೆಮರ. ಮರದಿಂದ ಪಶ್ಚಿಮಕ್ಕಿರುವ ಅರ್ಧ ನಮ್ಮ ಸ್ವಾಧೀನದಲ್ಲಿದೆ, ಪೂರ್ವಕ್ಕಿರುವ ಅರ್ಧ ಅವರ ಸ್ವಾಧೀನದಲ್ಲಿ. ನಮ್ಮ ಅರ್ಧಕ್ಕೆ ಅಂಟಿಕೊಂಡು ಹಳ್ಳ. ಮಳೆ ಬಂದರೆ ಮಣ್ಣು ಕೊಚ್ಚಿಹೋಗುತ್ತದೆ, ಬಾರದಿದ್ದರೆ ಬರೀ ಕಲ್ಲು ಕಾಣುತ್ತದೆ. ಹುರುಳಿ ಚೆಲ್ಲಿದರೆ ಒಂದಿಷ್ಟು ಬಂದೀತು. ಅವರ ಅರ್ಧ ಮೆದುವಾದ ಕೆಂಪು ಮಣ್ಣು. ಅಲ್ಲೊಂದು ಬಾವಿ, ಬಾವಿಯ ಸುತ್ತ ಅರಿಶಿನ, ಅರಿಶಿನದ ಪಕ್ಕದಲ್ಲಿ ಅವರ ಮನೆ. ಪಹಣಿಯಲ್ಲಿ ಎರಡೂ ಹೆಸರು ಒಟ್ಟಿಗೆ ಇವೆ, ಯಾರದು ಯಾವ ಅರ್ಧ ಎಂದು ನಕ್ಷೆಯಲ್ಲಿ ಗೆರೆ ಎಳೆದಿಲ್ಲ. ಹಾಗೆ ಗೆರೆ ಎಳೆದು ಬೇರೆ ಮಾಡುವುದಕ್ಕೆ ಪೋಡಿ ಎನ್ನುತ್ತಾರೆ. ಆ ಪೋಡಿಗೇ ನಾನು ಅರ್ಜಿ ಹಾಕಿದ್ದು. ಗೆರೆ ಎಳೆದರೆ ಸಾಲದು, ಪೂರ್ವದ ಅರ್ಧ ನನ್ನದೆಂದು ಬರೆಯಬೇಕು ಎಂದು ಕೇಳಿದ್ದೆ. ಅಂದರೆ ಬಾವಿ, ಅರಿಶಿನ, ಮನೆ ಎಲ್ಲವೂ ನನ್ನ ಪಾಲಿಗೆ ಬಂದು, ಅವರು ಗಂಟುಮೂಟೆ ಕಟ್ಟಿಕೊಂಡು ಹಳ್ಳದ ಕಡೆಗೆ ಹೋಗಬೇಕು. ಈಗ ಇದನ್ನು ಬರೆಯುವಾಗ ಕೈ ಹಿಂಜರಿಯುತ್ತದೆ. ಅರ್ಜಿ ಬರೆಯುವಾಗ ಹಿಂಜರಿಯಲಿಲ್ಲ.

ಅವರು ಎಂದರೆ ಮೂರೇ ಜನ. ಎಂಬತ್ತರ ಹತ್ತಿರದ ಒಬ್ಬ ಮುದುಕಿ, ಆಕೆಯ ಮಗ, ಸೊಸೆ. ಮುದುಕಿಯನ್ನು ನಾನು ಚಿಕ್ಕಂದಿನಿಂದ ಅಕ್ಕ ಎನ್ನುತ್ತಿದ್ದೆ. ಊರಿನವರು ಮೂಡ್ಲೊಲದಕ್ಕ ಎನ್ನುತ್ತಾರೆ. ಮೂಡಲ ಹೊಲದ ಅಕ್ಕ. ಅಕ್ಕ ಮಾರ್ಟಳ್ಳಿಯಿಂದ ಆ ಮನೆಗೆ ಮದುವೆಯಾಗಿ ಬಂದವರು, ಮನೆಮಾತು ತಮಿಳು, ಅಲ್ಲಿನ ಚರ್ಚಿನ ಶಾಲೆಯಲ್ಲಿ ಓದಿದ್ದರು.

ನನ್ನ ತಾತ ನಮ್ಮ ಅರ್ಧವನ್ನು ಕ್ರಯಕ್ಕೆ ಪಡೆದದ್ದು ಅಕ್ಕನ ಮಾವನಿಂದ. ಆಗ ಕೊಳ್ಳೇಗಾಲದ ಸೀಮೆ ಇನ್ನೂ ಮದರಾಸಿಗೆ ಸೇರಿತ್ತು, ನಮ್ಮದು ಕೊಯಮತ್ತೂರು ಜಿಲ್ಲೆ. ಮನೆಯಲ್ಲಿ ಕನ್ನಡ, ಕಚೇರಿಯಲ್ಲಿ ತಮಿಳು. ತಾತನಿಗೆ ತಮಿಳು ಮಾತು ಬರುತ್ತಿತ್ತು, ಅಕ್ಷರ ಬರುತ್ತಿರಲಿಲ್ಲ. ಯಾರೋ ಪತ್ರ ಓದಿದರು, ತಾತ ತಲೆಯಾಡಿಸಿ ಇಸಿದುಕೊಂಡು ಬಂದು ಪೆಟ್ಟಿಗೆಯಲ್ಲಿಟ್ಟರು. ಆಮೇಲೆ ರಾಜ್ಯಗಳ ವಿಂಗಡಣೆಯಾಗಿ ನಾವು ಮೈಸೂರಿನ ಕಡೆಗೆ ಬಂದೆವು, ಕಚೇರಿ ಕನ್ನಡವಾಯಿತು. ಪೆಟ್ಟಿಗೆಯೊಳಗಿನ ಪತ್ರ ಮಾತ್ರ ತಮಿಳಾಗಿಯೇ ಉಳಿಯಿತು.

ನಾನು ಮದುವೆಯಾಗಿ ಸೇರಿದ್ದು ಯಳಂದೂರಿಗೆ. ಅಲ್ಲಿನವರಿಗೆ ಈ ಗೋಳು ತಿಳಿಯುವುದೇ ಇಲ್ಲ. ಅದು ಮೊದಲಿಂದಲೂ ಮೈಸೂರಿಗೆ ಸೇರಿದ್ದ ಜಹಗೀರು. ನಮ್ಮ ಮಾವನವರ ಮನೆಯ ಹಳೆಯ ಕಾಗದಗಳೆಲ್ಲ ಕನ್ನಡ. "ನಿಮ್ ಕಡೆಯೋರ್ಗೆ ಅವ್ರ ಜಮೀನು ಯಾವ್ದು ಅನ್ನದು ಅವ್ರಿಗೇ ಗೊತ್ತಿಲ್ವಲ್ಲವ್ವ" ಎಂದು ನಮ್ಮತ್ತೆ ನಗುತ್ತಿದ್ದರು. ನನಗೆ ಮೈಯೆಲ್ಲ ಉರಿಯುತ್ತಿತ್ತು. ಎರಡು ಬಸ್ಸು ಹತ್ತಿ ಇಳಿಯುವಷ್ಟು ದೂರದ ಊರಿಗೆ ಬಂದು ನಾನು ಮದರಾಸಿನವಳಾಗಿದ್ದೆ.

ನಮ್ಮಪ್ಪ ಅನುಮಾನದ ಮನುಷ್ಯ. ಬಸ್ಸಿನಲ್ಲಿ ಯಾರಾದರೂ ಎದ್ದು ಜಾಗ ಕೊಟ್ಟರೆ, ಸೀಟು ಒದ್ದೆಯಾಗಿರಬೇಕೆಂದು ಅಂಗೈಯಿಂದ ಒತ್ತಿ ನೋಡಿ ಕೂರುತ್ತಿದ್ದರು. ಡಾಕ್ಟರು ಬರೆದ ಮಾತ್ರೆಯನ್ನು ಇನ್ನೊಬ್ಬ ಡಾಕ್ಟರಿಗೆ ತೋರಿಸಿ, ಅವರಿಬ್ಬರೂ ಒಂದೇ ಮಾತು ಹೇಳಿದರೆ ಇಬ್ಬರೂ ಸೇರಿಕೊಂಡಿದ್ದಾರೆ ಎನ್ನುತ್ತಿದ್ದರು. ಮನೆಯ ಗಡಿಯಾರವನ್ನು ರೇಡಿಯೋಗೆ ಹೊಂದಿಸಿ, ಆಮೇಲೆ ರೇಡಿಯೋದ ಸಮಯ ಸರಿಯಿದೆಯೇ ಎಂದು ಸೈರನ್ ಕೇಳಲು ಹೊರಗೆ ನಿಲ್ಲುತ್ತಿದ್ದರು. ಹೀಗಿದ್ದೂ ಹುಣಸೆಮರದ ಆಚೆಯವರ ಮೇಲೆ ಮಾತ್ರ ಅವರಿಗೆ ಆಗ ಅನುಮಾನವಿರಲಿಲ್ಲ. ಆಗ ನಮ್ಮ ಮನೆಯೂ ಮರದ ಈಚೆ, ಹೊಲದಲ್ಲೇ ಇತ್ತು. ಹಬ್ಬಕ್ಕೆ ಒಬ್ಬಟ್ಟು ಆ ಕಡೆ ಹೋಗುತ್ತಿತ್ತು, ಕ್ರಿಸ್‌ಮಸ್‌ಗೆ ಕಜ್ಜಾಯ ಈ ಕಡೆ ಬರುತ್ತಿತ್ತು.

ನಾನಂತೂ ಶಾಲೆಯಿಲ್ಲದ ದಿನ ಆ ಮರದ ಬುಡದಲ್ಲೇ ಇರುತ್ತಿದ್ದೆ. ಅಕ್ಕನಿಗೆ ಆಗಿನ್ನೂ ಮಕ್ಕಳಾಗಿರಲಿಲ್ಲ. ಹುಣಸೆಹಣ್ಣು ಕುಟ್ಟಿ ಬೀಜ ತೆಗೆಯುತ್ತ, ಆ ಬೀಜಗಳನ್ನೇ ನೆಲದ ಮೇಲೆ ಜೋಡಿಸಿ ನನಗೆ ತಮಿಳಿನ ಅಕ್ಷರ ತೋರಿಸುತ್ತಿದ್ದರು. ಬೀಜದಲ್ಲಿ ಅಕ್ಷರ ಮಾಡುವುದು, ಓದುವುದು, ಕಲಸುವುದು, ಇನ್ನೊಂದು ಮಾಡುವುದು. ಒಂದು ಬೇಸಿಗೆ ಮುಗಿಯುವಷ್ಟರಲ್ಲಿ ಅವರ ಮನೆಯ ಕ್ಯಾಲೆಂಡರನ್ನು ಗಟ್ಟಿಯಾಗಿ ಓದಿದೆ. "ಎನ್ ಕಣ್ಣು", ನನ್ನ ಕಣ್ಣೇ, ಎಂದು ಕೆನ್ನೆ ಹಿಂಡಿದರು. ಅಕ್ಷರ ಬಂದರೆ ಭಾಷೆ ಬಂತು ಎಂದು ನಾನು ತಿಳಿದುಕೊಂಡೆ. ಅದು ನನ್ನ ಸ್ವಭಾವ. ಇವತ್ತಿಗೂ ಹಾಗೇ ಇದೆ.

ನಾನು ಕೊಳ್ಳೇಗಾಲದಲ್ಲಿ ಟೀಚರ್ ಟ್ರೈನಿಂಗ್ ಓದುತ್ತಿದ್ದಾಗ ಒಂದು ರಜೆಯಲ್ಲಿ ಮನೆಗೆ ಬಂದಿದ್ದೆ. ಪೋಡಿ ಮಾಡಿಸಬೇಕಾದರೆ ಪತ್ರದ ಕನ್ನಡ ನಕಲು ಬೇಕೆಂದು ಕಚೇರಿಯಲ್ಲಿ ಅಪ್ಪನಿಗೆ ಹೇಳಿದ್ದರಂತೆ. ಕೊಳ್ಳೇಗಾಲದಲ್ಲಿ ತಮಿಳು ಬಲ್ಲ ಪತ್ರ ಬರಹಗಾರರು ಬೇಕಾದಷ್ಟು ಜನ ಇದ್ದರು. ಅಪ್ಪ ಅವರ ಹತ್ತಿರ ಹೋಗಲಿಲ್ಲ. ಪತ್ರವನ್ನು ಕೈಗೆ ಕೊಟ್ಟರೆ ಯಾವನು ಏನು ತಿದ್ದುತ್ತಾನೋ ಎಂಬ ಭಯ. ಬಾಗಿಲು ಹಾಕಿ, ಕಿಟಕಿ ಎಳೆದು, ಪೆಟ್ಟಿಗೆಯಿಂದ ಪತ್ರ ತೆಗೆದು ನನ್ನ ಮುಂದಿಟ್ಟರು.

"ಓದವ್ವ. ಓದಿ ನಮ್ ಕನ್ನಡದಲ್ಲಿ ನೆಟ್ಗೆ ಬರಿ" ಎಂದರು.

ಹೊಲದ ಪತ್ರದಲ್ಲಿ ಮುಖ್ಯವಾದದ್ದು ಚಕ್ಕುಬಂದಿ, ನಾಲ್ಕು ದಿಕ್ಕಿನ ಎಲ್ಲೆ. ಕನ್ನಡದ ಪತ್ರಗಳಲ್ಲಿ ಅದನ್ನು ಹೇಗೆ ಬರೆಯುತ್ತಾರೆಂದು ಇನ್ನೊಂದು ಪತ್ರ ನೋಡಿ ತಿಳಿದುಕೊಂಡೆ. ಪೂರ್ವಕ್ಕೆ ಇಂಥದ್ದು, ಪಶ್ಚಿಮಕ್ಕೆ ಇಂಥದ್ದು, ಹೀಗೆ. ಗೆರೆ ಹೊಡೆದು ನಾಲ್ಕು ದಿಕ್ಕು ಬರೆದುಕೊಂಡೆ. ತಮಿಳಿನಲ್ಲಿ ಮೇರ್ಕು ಎಂದರೆ ಪಶ್ಚಿಮ ಎಂದು ಗೊತ್ತಿತ್ತು. ಪಕ್ಕದಲ್ಲಿ ಪುಳಿಯಮರ ಇತ್ತು. ಪಶ್ಚಿಮಕ್ಕೆ ಹುಣಸೆಮರ ಎಂದು ಬರೆದೆ. ಕಿಳಕ್ಕು ಎಂದರೆ ಪೂರ್ವ. ಪಕ್ಕದಲ್ಲಿ ಓಡೈ, ಅಂದರೆ ಹಳ್ಳ. ಪೂರ್ವಕ್ಕೆ ಹಳ್ಳ. ದಕ್ಷಿಣಕ್ಕೆ ಗಾಡಿದಾರಿ. ಉತ್ತರಕ್ಕೆ ಬಂಡೆ. ಅಕ್ಷರ ದುಂಡಗೆ ಬಂದಿತ್ತು. ಕೆಳಗೆ ತಾರೀಕು ಹಾಕಿ ಶಾಯಿ ಆರಲು ಊದಿದೆ.

ಅಪ್ಪ ಎರಡು ಸಲ ಓದಿಸಿಕೊಂಡರು. ಆಮೇಲೆ ಕೇಳಿದರು, "ಪಶ್ಚಿಮಕ್ಕ ಉಣ್ಸೆಮರ ಅಂದ್ರ ನಮ್ಮೊಲ ಮರ್ದಿಂದ ಯಾವ್ ಕಡೀಕ್ ಬತ್ತದವ್ವ?"

"ಪೂರ್ವದ ಕಡೆಗಪ್ಪ."

ಅವರು ಎದ್ದು ನಿಂತರು. ಕಿಟಕಿಯ ಸಂದಿನಿಂದ ಆ ಕಡೆ ನೋಡಿದರು.

"ಅಂಗಾದ್ರ ಬಾವಿ ಕಡೆ ನಮ್ದು. ನಮ್ಮಪ್ಪನ್ಗ ಅಕ್ಷರ ಬರದಿಲ್ಲ ಅಂತ ಅಳ್ಳದ ಕಡೀಕ್ ತಳ್ಬುಟ್ಟವ್ರೆ."

ಅಲ್ಲಿಂದ ಶುರುವಾಯಿತು. ನಾನು ಒಂದು ಮಾತು ಕೇಳಿದ್ದು ನಿಜ. ಪೂರ್ವಕ್ಕೆ ಹಳ್ಳ ಎಂದಿದೆ, ಆ ಕಡೆ ಹಳ್ಳವೇ ಇಲ್ಲವಲ್ಲಪ್ಪ ಎಂದೆ. "ಮುಚ್ಚವ್ರೆ" ಎಂದರು. ಗಾಡಿದಾರಿ ಉತ್ತರಕ್ಕಿದೆಯಲ್ಲ, ಪತ್ರದಲ್ಲಿ ದಕ್ಷಿಣ ಎಂದಿದೆ ಎಂದೆ. "ದಾರಿ ತಿರುಗ್ಸವ್ರೆ." ಬಂಡೆ? ಬಂಡೆಯಂತೂ ಎರಡು ಹೊಲದ ಉದ್ದಕ್ಕೂ ದಕ್ಷಿಣದಲ್ಲಿ ಆನೆ ಮಲಗಿದ ಹಾಗೆ ಬಿದ್ದಿದೆ, ಪತ್ರದ ಪ್ರಕಾರ ಉತ್ತರಕ್ಕಿರಬೇಕು. ಅಪ್ಪ ಅದಕ್ಕೂ ತಡವರಿಸಲಿಲ್ಲ. ಉತ್ತರದಲ್ಲಿ ಇನ್ನೊಂದು ಬಂಡೆ ಇತ್ತು, ಅದನ್ನು ಒಡೆದು ಜಲ್ಲಿ ಮಾಡಿಕೊಂಡರು ಎಂದರು. ನಾನು ನಂಬಿದೆ. ಹಳ್ಳ ಮುಚ್ಚಿ, ದಾರಿ ತಿರುಗಿಸಿ, ಬಂಡೆ ನುಂಗಿದವರು ಎಂಥ ಖದೀಮರಿರಬೇಕು ಎಂದು ಅಕ್ಕನ ಮನೆಯ ಹೊಗೆ ಕಂಡರೂ ನಮ್ಮ ಬಾಗಿಲು ಎಳೆದುಕೊಳ್ಳುತ್ತಿದ್ದೆ. ಕಾಗದ ತಪ್ಪಿರಬಹುದೆಂದು ನಮ್ಮಿಬ್ಬರಿಗೂ ಒಮ್ಮೆಯೂ ಅನ್ನಿಸಲಿಲ್ಲ. ಭೂಮಿಯೇ ತಪ್ಪಾಗಿತ್ತು.

ಅಪ್ಪ ಆ ಕಡೆ ಹೋಗಿ ಕೂಗಾಡಿ ಬಂದರು. ಅಕ್ಕನ ಗಂಡ ಏನು ಹೇಳಿದರೋ, ಅಪ್ಪನ ಕಿವಿಗೆ ಅದು ಕಳ್ಳನ ಮಾತಾಗಿಯೇ ಕೇಳಿಸಿತು. ಮಾರನೆಯ ದಿನ ಮರದ ಬುಡದಿಂದ ಉದ್ದಕ್ಕೂ ಮುಳ್ಳುಬೇಲಿ ಬಂತು. ಒಬ್ಬಟ್ಟು ಹೋಗುವುದು ನಿಂತಿತು. ಆ ವರ್ಷವೂ ಕ್ರಿಸ್‌ಮಸ್‌ಗೆ ಅಕ್ಕ ಕಜ್ಜಾಯ ಕಳಿಸಿದರು. "ಯಾಕ್ ಕಳಿಸವ್ರೆ? ತಪ್ಪು ಮಾಡಿರೋರೇ ಇಂಗೆಲ್ಲ ಕಳಿಸದು" ಎಂದು ಅಪ್ಪ ಅದನ್ನು ಎಮ್ಮೆಗೆ ಹಾಕಿಸಿದರು. ಎಮ್ಮೆ ತಿಂದದ್ದನ್ನು ಅಕ್ಕ ಬೇಲಿಯಾಚೆಯಿಂದ ನೋಡಿದರು. ನಾನೂ ನೋಡಿದೆ. ನಾವಿಬ್ಬರೂ ಮುಖ ತಿರುಗಿಸಿಕೊಂಡೆವು. ಮುಂದಿನ ವರ್ಷದಿಂದ ಕಜ್ಜಾಯ ಬರಲಿಲ್ಲ. ಬರದೇ ಇದ್ದದ್ದಕ್ಕೂ ಅಪ್ಪನಿಗೆ ಅರ್ಥ ಸಿಕ್ಕಿತು: ಸಿಕ್ಕಿಬಿದ್ದೆವೆಂದು ಗೊತ್ತಾಗಿದೆ, ಅದಕ್ಕೇ.

ಇಷ್ಟೆಲ್ಲ ಇದ್ದೂ ಅಪ್ಪ ಕೋರ್ಟಿಗೆ ಹೋಗಲಿಲ್ಲ, ಪೋಡಿಗೂ ಹೋಗಲಿಲ್ಲ. ಹೋಗಬೇಕಾದರೆ ಅಸಲು ಪತ್ರವನ್ನು ವಕೀಲರ ಕೈಗೋ ಕಚೇರಿಯ ಕೈಗೋ ಕೊಡಬೇಕಿತ್ತು. "ಒರಿಜಿನಲ್ ಕೈಬುಟ್ರ ಮುಗ್ದೋಯ್ತು ಕಣವ್ವ" ಎನ್ನುತ್ತಿದ್ದರು. ಅವರ ಪ್ರಕಾರ ಕೊಳ್ಳೇಗಾಲದಲ್ಲಿ ತಮಿಳು ಓದಬಲ್ಲವರೆಲ್ಲ ಅಕ್ಕನ ಕಡೆಯವರು. ಹೀಗೆ ಪತ್ರ ಬಟ್ಟೆಯಲ್ಲಿ ಸುತ್ತಿಕೊಂಡು ಪೆಟ್ಟಿಗೆಯ ತಳದಲ್ಲಿ ಕುಳಿತಿತು, ನನ್ನ ಕನ್ನಡ ನಕಲು ಅಪ್ಪನ ಅಂಗಿಜೇಬಿನಲ್ಲಿ ಓಡಾಡಿತು. ಮಡಿಕೆ ಹರಿದಾಗ ಅಂಟು ಹಾಕಿಸಿ ಇಟ್ಟುಕೊಂಡರು. ಬಂದವರಿಗೆಲ್ಲ ತೋರಿಸಿ, "ನೋಡಿ, ಪಶ್ಚಿಮಕ್ಕೆ ಏನ್ ಬರ್ದದೆ" ಎನ್ನುತ್ತಿದ್ದರು.

ಅಪ್ಪ ತೀರಿಹೋಗುವ ಮೊದಲು ಆ ಅರ್ಧವನ್ನು ನನ್ನ ಹೆಸರಿಗೆ ಬರೆದರು. ನಾನೊಬ್ಬಳೇ ಮಗಳು. ಹೊಲಕ್ಕಿಂತ ಹೆಚ್ಚಾಗಿ ಜಗಳವನ್ನು ನನಗೆ ಬರೆದುಕೊಟ್ಟರು ಎನ್ನಬೇಕು. ಕೆಲಸದಲ್ಲಿದ್ದಷ್ಟು ದಿನ ಅದನ್ನು ಎತ್ತಿಕೊಳ್ಳಲು ನನಗೆ ಪುರುಸೊತ್ತಿರಲಿಲ್ಲ. ನಾಲ್ಕನೇ ತರಗತಿಗೆ ಪಾಠ ಮಾಡುತ್ತಿದ್ದೆ. ಹುಟ್ಟುವ ಸೂರ್ಯನಿಗೆ ಮುಖ ಮಾಡಿ ನಿಲ್ಲಿ, ಬಲಗೈ ದಕ್ಷಿಣ, ಎಡಗೈ ಉತ್ತರ, ಬೆನ್ನು ಪಶ್ಚಿಮ ಎಂದು ಮೂವತ್ತು ವರ್ಷ ಮಕ್ಕಳನ್ನು ಮೈದಾನದಲ್ಲಿ ತಿರುಗಿಸಿದ್ದೇನೆ. ನಿವೃತ್ತಿಯಾದ ಮೇಲೆ ತಿರುಗಿಸಲು ಮಕ್ಕಳಿರಲಿಲ್ಲ. ಅರ್ಜಿ ಹಾಕಿದೆ.

ಅರ್ಜಿ ಹಾಕಿದ ಮೇಲೆ ಅಪ್ಪ ನನ್ನೊಳಗೆ ಬಂದು ಕುಳಿತರು. ಕಚೇರಿಯ ಹೆಂಗಸು ನಕ್ಕರೆ ಯಾಕೆ ನಕ್ಕಳು, ನಗದಿದ್ದರೆ ಯಾಕೆ ನಗಲಿಲ್ಲ. ಅಕ್ಕನ ಮಗ ಹನೂರಿನ ಸಂತೆಯಲ್ಲಿ ಎದುರಾಗಿ, "ಟೀಚರಮ್ಮ, ಬಿಸ್ಲಲ್ಲಿ ಯಾಕ್ ನಡ್ದೀರಿ, ಬೈಕಲ್ ಬುಡ್ತೀನಿ ಬನ್ನಿ" ಎಂದಾಗ, ದಾರಿಯಲ್ಲಿ ನನ್ನ ಚೀಲಕ್ಕೆ ಕೈಹಾಕುವ ಉಪಾಯವೆಂದು ತಿಳಿದು ನಡೆದೇ ಹೋದೆ. ಕಾಲು ಊದಿಕೊಂಡಿತು. ಊದಿಕೊಂಡ ಕಾಲಿಗೂ ಅವನೇ ಕಾರಣ ಎಂದು ರಾತ್ರಿ ಗಂಡನ ಹತ್ತಿರ ಬೈದೆ. ನಮ್ಮವರು ಪೇಪರಿನಿಂದ ತಲೆಯೆತ್ತದೆ, "ಇವತ್ ನಿಮ್ಮಪ್ಪ ಜಾಸ್ತಿ ಮಾತಾಡ್ತವ್ರೆ" ಎಂದರು.

ಹೀಗೆ ಮಜ್ಜಿಗೆಯ ದಿನ ಬಂತು.

ಸರ್ವೆಯವನು ಮೂರು ಕಾಲಿನ ಕೋಲಿನ ಮೇಲೆ ಯಂತ್ರ ನಿಲ್ಲಿಸಿದ. ಯಳಂದೂರಿನ ಕಡೆಯ ಹುಡುಗನಂತಿದ್ದ ಮನುಷ್ಯ, ಮಾತು ಮೆತ್ತಗೆ. ಮೆತ್ತಗೆ ಮಾತಾಡುವವರನ್ನು ಕಂಡರೆ ನನಗೆ ಮೊದಲೇ ಆಗುವುದಿಲ್ಲ. ಬೇಲಿಯ ಆ ಕಡೆ ಅಕ್ಕ ಮರದ ಬೇರಿನ ಮೇಲೆ ಕುಳಿತಿದ್ದರು. ಕಣ್ಣಿಗೆ ಪೊರೆ ಬಂದು ನೋಟ ಬೂದಿಯಾಗಿತ್ತು. ಮಗ ಪಕ್ಕದಲ್ಲಿ ಕೈಕಟ್ಟಿ ನಿಂತಿದ್ದ. ಸೊಸೆ ಬಾವಿಯ ಹತ್ತಿರ ನಿಂತು, ಬಾವಿಯನ್ನು ಯಾರೋ ಎತ್ತಿಕೊಂಡು ಹೋಗುತ್ತಾರೆಂಬ ಹಾಗೆ ಕಟ್ಟೆಯ ಮೇಲೆ ಕೈಯಿಟ್ಟಿದ್ದಳು.

ನಾನು ನನ್ನ ಕನ್ನಡ ನಕಲನ್ನೂ, ಅದನ್ನು ನೋಡಿಕೊಂಡು ಡ್ರಾಯಿಂಗ್ ಹಾಳೆಯಲ್ಲಿ ಸ್ಕೇಲಿಟ್ಟು ಬರೆದಿದ್ದ ಹೊಲದ ನಕ್ಷೆಯನ್ನೂ ಅವನಿಗೆ ಕೊಟ್ಟೆ. ಹೊಲ ಈಗ ಇರುವ ಹಾಗಲ್ಲ, ಇರಬೇಕಾಗಿದ್ದ ಹಾಗೆ. ಪೂರ್ವಕ್ಕೆ ಹಳ್ಳ, ದಕ್ಷಿಣಕ್ಕೆ ದಾರಿ, ಉತ್ತರಕ್ಕೆ ಬಂಡೆ, ಬಣ್ಣದ ಪೆನ್ಸಿಲಿನಲ್ಲಿ. ಅವನು ತನ್ನ ಕಚೇರಿಯ ಹಳೆಯ ನಕ್ಷೆಯನ್ನು ಬಿಚ್ಚಿದ.

"ಮೇಡಂ, ಇದು ಮದ್ರಾಸ್ ಕಾಲದ್ ನಕ್ಷೆ. ಇದ್ರಲ್ಲೂ ಹಳ್ಳ ಪಶ್ಚಿಮಕ್ಕೇ ಐತಲ್ಲಾ" ಎಂದ.

"ಹಾಗಾದರೆ ನಕ್ಷೆಯನ್ನೂ ತಿದ್ದಿಸಿದ್ದಾರೆ" ಎಂದೆ.

ಅವನು ನನ್ನ ಮುಖ ನೋಡಿದ. ನಾಲ್ಕನೇ ತರಗತಿಯಲ್ಲಿ ತಪ್ಪು ಲೆಕ್ಕ ಮಾಡಿದ ಮಕ್ಕಳನ್ನು ನಾನು ನೋಡುತ್ತಿದ್ದದ್ದು ಹೀಗೇ. ಆಮೇಲೆ ನನ್ನ ಹಾಳೆ ಹಿಡಿದುಕೊಂಡು ಉತ್ತರಕ್ಕೆ ಮುಖ ಮಾಡಿ ನಿಂತ. ಹಾಳೆಯನ್ನು ನೋಡಿದ, ಹೊಲ ನೋಡಿದ, ಮತ್ತೆ ಹಾಳೆ ನೋಡಿದ. "ಸರಿಯಾಗೇ ಐತಲ್ಲ ಮೇಡಂ. ಮುಂದೆ ದಾರಿ, ಹಿಂದೆ ಬಂಡೆ, ಎಡಕ್ಕೆ ಹಳ್ಳ, ಬಲಕ್ಕೆ ಮರ."

ಹತ್ತಿರ ಹೋಗಿ ನೋಡಿದೆ. ಹಾಳೆಯನ್ನು ತಲೆಕೆಳಗೆ ಹಿಡಿದಿದ್ದ.

"ಉಲ್ಟಾ ಹಿಡಿದಿದ್ದೀರಿ" ಎಂದು ಗದರಿದೆ. ಅವನು ಹಾಳೆಯನ್ನು ನೇರ ಮಾಡಿದ. ಹಳ್ಳ, ದಾರಿ, ಬಂಡೆ ಯಾವುದೂ ಕೂಡಲಿಲ್ಲ. ಮತ್ತೆ ಉಲ್ಟಾ ಮಾಡಿದ. ನಾಲ್ಕಕ್ಕೆ ನಾಲ್ಕೂ ಕೂಡಿದವು. ಮಜ್ಜಿಗೆಯ ಕೆಲಸ ಎಂದು ಅನ್ನಿಸಿತು ನನಗೆ ಒಂದು ಗಳಿಗೆ. ಆದರೆ ಆ ಹಾಳೆ ಬರೆದದ್ದು ಮಜ್ಜಿಗೆಯಲ್ಲ, ನಾನು.

"ಒರಿಜಿನಲ್ ಇದ್ರೆ ತೋರ್ಸಿ ಮೇಡಂ."

ಚೀಲದ ಮೇಲಿನ ಕೈ ತಾನಾಗಿ ಬಿಗಿಯಾಯಿತು. ತಂದಿದ್ದೆನಾದರೂ ಯಾರಿಗೂ ಕೊಡಬಾರದೆಂದೇ ತಂದಿದ್ದೆ. ಕೊನೆಗೆ ಬಟ್ಟೆ ಬಿಚ್ಚಿ ಪತ್ರವನ್ನು ನಾನೇ ಹಿಡಿದುಕೊಂಡು ತೋರಿಸಿದೆ. ಅವನು ಬಗ್ಗಿ ನೋಡಿ, "ತಮಿಳು. ನಂಗೆ ಬರಲ್ಲ" ಎಂದ. ಅಕ್ಕನ ಮಗ ಓದಿದ್ದು ಕನ್ನಡ ಶಾಲೆಯಲ್ಲಿ, ಅವನಿಗೂ ಬಾರದು, ಸೊಸೆಗೂ ಬಾರದು. ಅಕ್ಕನ ಕಣ್ಣಿಗೆ ಕಾಣದು. ಉಳಿದವಳು ನಾನೊಬ್ಬಳೇ.

"ಟೀಚರಮ್ಮನೇ ಓದುದ್ರ ನಂಬದೆಂಗ ಸಾ? ಅವ್ರೇ ನಮ್ ಮ್ಯಾಲ ಅರ್ಜಿ ಹಾಕಿರರು" ಎಂದ ಮಗ. ನ್ಯಾಯವಾದ ಮಾತು. ಅವನ ಜಾಗದಲ್ಲಿದ್ದರೆ ನಾನೂ ಅದನ್ನೇ ಹೇಳುತ್ತಿದ್ದೆ, ಇನ್ನಷ್ಟು ಜೋರಾಗಿ.

ಅಕ್ಕ ಬೇರಿನ ಮೇಲಿಂದಲೇ ಕೈಯೆತ್ತಿದರು. "ಸುಮ್ಕಿರ್ಲಾ. ಅವ್ಳೇ ಓದ್ಲಿ. ನಾನೇ ಕಲ್ಸಿರ ಎಳುತ್ತು ಅದು."

ಎಳುತ್ತು ಎಂದರೆ ಅಕ್ಷರ. ನಲವತ್ತು ವರ್ಷಗಳ ಮೇಲೆ ಆಕೆ ನನ್ನ ಬಗ್ಗೆ ಆಡಿದ ಮೊದಲ ಮಾತು ಅದು. ಪತ್ರವನ್ನು ಬೆಳಕಿಗೆ ಹಿಡಿದೆ. ಕೆಮ್ಮಿ ಓದಲು ಶುರು ಮಾಡಿದೆ. ಮರೆತಿದೆ ಎಂದುಕೊಂಡಿದ್ದೆ, ಮರೆತಿರಲಿಲ್ಲ. ಬೀಜ ಜೋಡಿಸಿದ ಹಾಗೆ ಒಂದೊಂದೇ ಅಕ್ಷರ ಎದ್ದು ಬಂತು.

"ಪುಳಿಯಮರತ್ತುಕ್ಕು ಮೇರ್ಕು" ಎಂದು ಓದಿದೆ.

ಓದಿ ಅಲ್ಲೇ ನಿಂತೆ. ಪುಳಿಯಮರತ್ತು-ಕ್ಕು. ಹುಣಸೆಮರ-ಕ್ಕೆ. ಹುಣಸೆಮರಕ್ಕೆ ಪಶ್ಚಿಮ. ಮಾರುವ ಹೊಲ ಮರಕ್ಕೆ ಪಶ್ಚಿಮದಲ್ಲಿದೆ ಎಂದು ತಮಿಳಿನ ಪತ್ರ ಹೇಳುತ್ತಿತ್ತು. ತಮಿಳಿನವರು ಎಲ್ಲೆಯ ಹತ್ತಿರ ನಿಂತುಕೊಂಡು ಹೊಲ ಯಾವ ಕಡೆಗಿದೆ ಎನ್ನುತ್ತಾರೆ. ನಮ್ಮವರು ಹೊಲದ ನಡುವೆ ನಿಂತುಕೊಂಡು ಎಲ್ಲೆ ಯಾವ ಕಡೆಗಿದೆ ಎನ್ನುತ್ತಾರೆ. ಹತ್ತೊಂಬತ್ತರ ನಾನು ಮರದ ಬಾಲದಲ್ಲಿದ್ದ ಕ್ಕೆಯನ್ನು ಕಿತ್ತು ದಿಕ್ಕಿನ ಬಾಲಕ್ಕೆ ಅಂಟಿಸಿದ್ದೆ. ಅಷ್ಟೇ ನಡೆದದ್ದು. ಉಳಿದ ಮೂರನ್ನೂ ಓದಿದೆ. ಓಡೈಕ್ಕು ಕಿಳಕ್ಕು, ಹಳ್ಳಕ್ಕೆ ಪೂರ್ವ. ಗಾಡಿದಾರಿಗೆ ದಕ್ಷಿಣ. ಬಂಡೆಗೆ ಉತ್ತರ. ಯಾರೂ ಹಳ್ಳ ಮುಚ್ಚಿರಲಿಲ್ಲ, ದಾರಿ ತಿರುಗಿಸಿರಲಿಲ್ಲ. ಬಂಡೆ ಎಲ್ಲಿತ್ತೋ ಅಲ್ಲೇ ಬಿದ್ದಿತ್ತು. ತಾತ ನೋಡಿ, ತಿಳಿದು, ತಲೆಯಾಡಿಸಿ ಕೊಂಡದ್ದು ಹಳ್ಳದ ಕಡೆಯ ಅರ್ಧವನ್ನೇ. ಊರಿನವರು, ನಮ್ಮಪ್ಪ, ನಾನು, ಎಲ್ಲರೂ ಆಕೆಯನ್ನು ಮೂಡ್ಲೊಲದಕ್ಕ ಎಂದು ಕರೆಯುತ್ತಲೇ ಮೂಡಲ ಹೊಲ ಆಕೆಯದಲ್ಲ ಎಂದು ಜಗಳವಾಡಿದ್ದೆವು. ಪ್ರಪಂಚದಲ್ಲಿ ಎಲ್ಲರನ್ನೂ ಅನುಮಾನಿಸಿದ್ದೆ, ನನ್ನ ದುಂಡು ಅಕ್ಷರವೊಂದನ್ನು ಬಿಟ್ಟು.

ಅಕ್ಕ ತಮಿಳು ಕೇಳಿಸಿಕೊಂಡು ತಲೆದೂಗಿದರು. ಅವರಿಗೆ ಅದು ಮೊದಲಿಂದ ಗೊತ್ತಿದ್ದ ವಿಷಯ. ಕಿವಿಗೆ ಬಿತ್ತು, ಅಲ್ಲಿಗೆ ಮುಗಿಯಿತು ಎಂಬ ಹಾಗೆ ಸೆರಗಿನಿಂದ ಮುಖ ಒರೆಸಿಕೊಂಡರು.

"ಕನ್ನಡ್ದಲ್ ಹೇಳಿ ಮೇಡಂ, ಬರ್ಕೋತೀನಿ" ಎಂದ ಸರ್ವೆಯವನು. ಕೈಯಲ್ಲಿ ಅಚ್ಚಾದ ಫಾರಂ ಇತ್ತು.

"ಹುಣಸೆಮರಕ್ಕೆ ಪಶ್ಚಿಮ" ಎಂದೆ.

ಅವನು ಫಾರಂ ನೋಡಿದ. ಅದರಲ್ಲಿ ಪೂರ್ವಕ್ಕೆ, ಪಶ್ಚಿಮಕ್ಕೆ ಎಂದು ಮೊದಲೇ ಅಚ್ಚಾಗಿತ್ತು. "ಪಶ್ಚಿಮಕ್ಕೆ... ಹುಣಸೆಮರ" ಎಂದು ಬಾಯಲ್ಲಿ ಹೇಳಿಕೊಳ್ಳುತ್ತ ಬರೆಯಲು ಶುರು ಮಾಡಿದ.

ನನ್ನ ಕಣ್ಣೆದುರಿಗೇ ನನ್ನದೇ ತಪ್ಪು ಇನ್ನೊಂದು ಸಲ ನಡೆಯುತ್ತಿತ್ತು. ಅದೂ ಸರ್ಕಾರಿ ಕಾಗದದಲ್ಲಿ. ನಾನು ಸುಮ್ಮನಿದ್ದರೆ ಸಾಕಿತ್ತು. ಸುಳ್ಳು ಹೇಳುವುದು ಬೇಕಿರಲಿಲ್ಲ, ಓದಿದ್ದೆಲ್ಲ ಸರಿಯಾಗಿಯೇ ಓದಿದ್ದೆ. ಮಗನಿಗೆ ತಿಳಿಯಲಿಲ್ಲ. ಅಕ್ಕ ನೆಮ್ಮದಿಯಾಗಿ ಕುಳಿತಿದ್ದರು. ಬಾವಿ, ಅರಿಶಿನ, ಮನೆ ಎಲ್ಲ ಆ ಪೆನ್ನಿನ ತುದಿಯಲ್ಲಿತ್ತು. ಸುಮ್ಮನಿದ್ದೆ ಕೂಡ. ಎಷ್ಟು ಹೊತ್ತು ಎಂದು ಕೇಳಬೇಡಿ. ಅವನು ಹುಣಸೆ ಎಂದು ಬರೆದು ಮುಗಿಸುವಷ್ಟು. ಆಗ ಮರ ಎಂದು ಬರೆಯುವ ಮೊದಲು ಅವನ ಮಣಿಕಟ್ಟು ಹಿಡಿದುಕೊಂಡೆ.

"ತಪ್ಪು ಬರೆಯುತ್ತಿದ್ದೀರಿ. ಮರಕ್ಕೆ ಪಶ್ಚಿಮ ಎಂದರೆ ಮರದಿಂದ ಪಶ್ಚಿಮಕ್ಕೆ ಹೊಲ. ಮರ ನಮಗೆ ಪೂರ್ವಕ್ಕೆ ಬರುತ್ತದೆ. ಬೇಕಾದರೆ ಮರದ ಕೆಳಗೆ ನಿಂತು ನೋಡಿ" ಎಂದೆ. ಮೇಷ್ಟ್ರ ದನಿಯಲ್ಲೇ ಹೇಳಿದೆ, ಬೇರೆ ದನಿ ಬರಲಿಲ್ಲ. ಅವನು ನಿಜವಾಗಿಯೂ ಮರದ ಕೆಳಗೆ ಹೋಗಿ ನಿಂತು, ಎರಡೂ ಕೈ ಚಾಚಿ, ತಿರುಗಿ, ಬಂದ.

"ಅಂದ್ರೆ ನಿಮ್ದು ಈಗಿರೋ ಅರ್ಧವೇ ಮೇಡಂ. ಹಳ್ಳದ ಕಡೆದು."

"ಹೌದು."

"ಮತ್ತೆ ಈ ಕನ್ನಡ ಕಾಪಿ?" ಎಂದು ಅಂಟು ಹಾಕಿದ ಹಳೆಯ ಹಾಳೆಯನ್ನು ಎತ್ತಿ ಹಿಡಿದ. "ಇದನ್ ಯಾರು ಬರ್ದಿದ್ದು?"

ನಾನು ಬಾಯಿ ತೆಗೆಯುವ ಮೊದಲೇ ಅಕ್ಕ ಉತ್ತರ ಕೊಟ್ಟರು. "ಅವ್ರಪ್ಪ ಯಾರ್ ಕೈಲೋ ಬರ್ಸಿರದು ಸಾ. ನಮ್ ಬಾವಿ ಮ್ಯಾಲ ಕಣ್ಣಿತ್ತು ಅವ್ರಿಗೆ. ಓಗ್ಲಿ, ಸತ್ತೋಗಿರರ ಇಸ್ಯ ಯಾಕೆ ಬುಡಿ."

ನನ್ನ ಮರ್ಯಾದೆ ಉಳಿಸಲು ಹೇಳಿದ ಮಾತು. ಎಲ್ಲ ತಪ್ಪನ್ನೂ ಅಪ್ಪನ ತಲೆಗೆ ಕಟ್ಟಿ, ನಾನು ಗೌರವವಾಗಿ ಬಸ್ಸು ಹತ್ತಬಹುದಿತ್ತು. ನಲವತ್ತು ವರ್ಷ ಆಕೆ ಬೇಲಿಯಾಚೆ ಕುಳಿತು ನಮ್ಮಪ್ಪನನ್ನು ಕಳ್ಳ ಎಂದುಕೊಂಡಿದ್ದರು. ನಾವು ಈಚೆ ಕುಳಿತು ಅವರನ್ನು ಕಳ್ಳರು ಎಂದುಕೊಂಡಿದ್ದೆವು.

"ಅಪ್ಪ ಅಲ್ಲಕ್ಕ" ಎಂದೆ. "ನಾನು ಬರೆದದ್ದು. ನೀವು ಕಲಿಸಿದ ಅಕ್ಷರ ನೋಡಿಕೊಂಡು ನಾನೇ ಬರೆದೆ. ತಪ್ಪು ಬರೆದೆ. ಅಪ್ಪನಿಗೆ ನಾನು ಹೇಳಿದ್ದೇ ಗೊತ್ತಿದ್ದದ್ದು."

ಅಕ್ಕ ಬೂದಿಗಣ್ಣನ್ನು ನನ್ನ ದನಿ ಬಂದ ಕಡೆಗೆ ತಿರುಗಿಸಿದರು. ಬೈಯಬಹುದೆಂದು ಕಾದೆ. ಬೈದಿದ್ದರೆ ಚೆನ್ನಾಗಿತ್ತು.

"ಅಪ್ಪಡಿಯಾ" ಎಂದರು, ಹೌದಾ ಎನ್ನುವ ಹಾಗೆ. ಆಮೇಲೆ, ಮೆಲ್ಲಗೆ, "ಅಂಗಾದ್ರ ಆ ಮನ್ಷನ್ನ ಇಷ್ಟೊರ್ಷ ಸುಮ್‌ಸುಮ್ಕ ಬೋದ್ನಲ್ಲ ಕಣ್ಣು. ಈಗ ಯಾರ್ತಾವ ಓಗಿ ಏಳ್ಲಿ?" ಎಂದರು.

ನಾನೂ ಅದನ್ನೇ ಕೇಳಿಕೊಳ್ಳುತ್ತಿದ್ದೆ. ಸರ್ವೆಯವನು ಹುಣಸೆ ಎಂದು ಬರೆದದ್ದನ್ನು ಹೊಡೆದುಹಾಕಿ, ಪೂರ್ವಕ್ಕೆ ಎಂಬ ಜಾಗದಲ್ಲಿ ಹುಣಸೆಮರ ಎಂದು ಬರೆದು, ಇಬ್ಬರ ಸಹಿ ತೆಗೆದುಕೊಂಡ. ಅಂಟು ಹಾಕಿದ ಹಾಳೆಯನ್ನು ನನಗೆ ವಾಪಸು ಕೊಟ್ಟ. ಅಪ್ಪನ ಜೇಬಿನ ಮಡಿಕೆ ಅದರಲ್ಲಿ ಹಾಗೇ ಇತ್ತು. ಸೀಟು ಮುಟ್ಟಿ ಕೂರುತ್ತಿದ್ದ, ರೇಡಿಯೋವನ್ನೂ ಡಾಕ್ಟರನ್ನೂ ನಂಬದಿದ್ದ ನಮ್ಮಪ್ಪ ತಮ್ಮ ಜೀವಮಾನದಲ್ಲಿ ಸರಿಯೇ ಎಂದು ಇನ್ನೊಬ್ಬರನ್ನು ಕೇಳದೆ ನಂಬಿದ್ದು ಈ ಒಂದು ಹಾಳೆಯನ್ನೇ, ನಾನು ಬರೆದಿದ್ದೆನೆಂದು.